ಖಾಂಬೇಟೆ ಕಾಕುವನ್ನು ನೋಡಿ ಕಲಿಯಿರಿ

ಪುಣೆಯ ನಾರಾಯಣ ಪೇಟೆಯ ಸುಯೋಗ ಸೊಸೈಟಿಯಲ್ಲಿ ಹದಿನಾರು ಮನೆಗಳಿವೆ, ಒಂದು ನೀರಿನ ಟ್ಯಾಂಕಿದೆ, ಮೆಟ್ಟಿಲ ಬುಡದಲ್ಲೊಂದು ನೋಟಿಸ್ ಹಲಗೆಯಿದೆ, ಮತ್ತು ಇವೆಲ್ಲ ತಮ್ಮಿಂದಲೇ ನಡೆಯುತ್ತಿವೆ ಎಂದುಕೊಂಡಿರುವ ದಾಮಲೆ ಸಾಹೇಬರಿದ್ದಾರೆ. ವಿಮಾ ಕಚೇರಿಯಿಂದ ನಿವೃತ್ತರಾಗಿ ಸೊಸೈಟಿಯ ಕಾರ್ಯದರ್ಶಿಯಾದವರು. ಬಾಲ್‌ಪೆನ್ನು ಸಂಸ್ಕಾರವಿಲ್ಲದವರ ಸಾಮಾನು ಎಂದು ನಂಬಿ, ಎಲ್ಲ ನೋಟಿಸುಗಳನ್ನೂ ಶಾಯಿ ಪೆನ್ನಿನಲ್ಲಿ, ಅಕ್ಷರಕ್ಕೊಂದು ಮೀಸೆ ಎಳೆದು ಬರೆಯುತ್ತಾರೆ. "ಚಪ್ಪಲಿ ಕಳೆದರೆ ಸೊಸೈಟಿ ಹೊಣೆಯಲ್ಲ. ಬುದ್ಧಿ ಕಳೆದಿದ್ದರೆ ಅದಕ್ಕೂ ಅಲ್ಲ." ಇದನ್ನು ಬರೆದ ದಿನ ಅವರು ಹಲಗೆಯ ಮುಂದೆ ಅರ್ಧ ಗಂಟೆ ನಿಂತು, ಯಾರು ಯಾರು ನಗುತ್ತಾರೆಂದು ನೋಡಿದ್ದರು.

ಇಂಥ ಜನ ಮೂರನೇ ಮಹಡಿಯ ಪ್ರಮಿಳಾ ಖಾಂಬೇಟೆಗೆ ಇಟ್ಟ ಹೆಸರು ಮಡಿ ಕಾಕು, ಅಂದರೆ ಮಡಿ ಚಿಕ್ಕಮ್ಮ. ಮಡಿಗೂ ಅವಳಿಗೂ ಸಂಬಂಧವೇ ಇರಲಿಲ್ಲ. ಬೆಂಕಿಪೊಟ್ಟಣ ಯಾರ್ಯಾರ ಕೈದಾಟಿ ಬಂದಿದೆಯೋ ಎಂದು ಅವಳು ದೇವರಿಗೆ ದೀಪ ಹಚ್ಚುವುದನ್ನೇ ಬಿಟ್ಟಿದ್ದಳು. ಅದು ಕಾಯಿಲೆ. ನಲ್ಲಿ ತಿರುಗಿಸಿ ಕೈ ತೊಳೆದರೆ, ಕೊಳೆ ಕೈಯಲ್ಲಿ ಮುಟ್ಟಿದ್ದಕ್ಕೆ ನಲ್ಲಿ ತೊಳೆಯಬೇಕು. ನಲ್ಲಿ ಮುಟ್ಟಿದ್ದಕ್ಕೆ ಮತ್ತೆ ಕೈ ತೊಳೆಯಬೇಕು. ಮದುವೆಯಾಗದೆ, ಅಂಚೆ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷ ಕಾಗದ ವಿಂಗಡಿಸಿದವಳು. ಕಾಗೆಕಾಲು ಗುಬ್ಬಿಕಾಲಿನ ಅಕ್ಷರವನ್ನೂ ಓದಿ ಸರಿಯಾದ ಓಣಿಗೆ ಕಳಿಸುತ್ತಿದ್ದಳು. ಕೊನೆಗೆ ಕಾಗದ ಮುಟ್ಟಲಾರದೆ ಆ ಕೆಲಸವನ್ನೂ ಬಿಟ್ಟಳು. ಸೊಸೈಟಿಯವರಿಗೆ ಆ ವಾರ ಚಹಾದ ಜೊತೆ ಆಡಿಕೊಳ್ಳಲು ಅದೇ ಆಯಿತು.

ಅವಳನ್ನು ಮನೋವೈದ್ಯೆಯ ಬಳಿಗೆ ಎಳೆದುಕೊಂಡು ಹೋದವಳು ತಂಗಿ ಶೈಲಾ, ಅದೇ ಊರಿನ ಕೋಥರೂಡಿನಲ್ಲಿರುವವಳು. ವೈದ್ಯೆ ಮಾತ್ರೆಯನ್ನೂ ಕೊಟ್ಟರು, ಶಾಲೆಯ ಮಕ್ಕಳಿಗೆ ಕೊಟ್ಟ ಹಾಗೆ ಮನೆಪಾಠವನ್ನೂ ಕೊಟ್ಟರು. ಮೆಟ್ಟಿಲ ಕಂಬಿಯನ್ನು ಮುಟ್ಟಬೇಕು, ಮುಟ್ಟಿ ಹತ್ತು ನಿಮಿಷ ಕೈ ತೊಳೆಯಬಾರದು. ಆಮೇಲೆ ಅರ್ಧ ಗಂಟೆ, ಆಮೇಲೆ ಒಂದು ಗಂಟೆ. ಪ್ರಮಿಳಾ ಬೆರಳು ಅಗಲಿಸಿಕೊಂಡು, ಗಡಿಯಾರ ನೋಡುತ್ತಾ, ಕಣ್ಣಲ್ಲಿ ನೀರು ಸುರಿಸಿಕೊಂಡು ಕೂತಿರುತ್ತಿದ್ದಳು. ಕೊನೆಯ ಪಾಠ ಗುರುವಾರದ ಮಿಸಳ್: ಖಾರದ ರಸದಲ್ಲಿ ಮೊಳಕೆಕಾಳು, ಮೇಲೆ ಸೇವು ಉದುರಿಸಿದ್ದನ್ನು ಓಣಿಯ ತುದಿಯ ಹೋಟೆಲಿನಲ್ಲಿ ತಂಗಿಯ ಜೊತೆ ಕೂತು, ಅಲ್ಲಿಯ ತಟ್ಟೆಯಲ್ಲೇ ತಿನ್ನಬೇಕು. ಎರಡು ವರ್ಷ ಹಿಡಿಯಿತು. ೨೦೨೦ರ ಫೆಬ್ರವರಿಯ ಒಂದು ಗುರುವಾರ ಮಾಣಿ ನಾಲ್ಕು ಲೋಟ ನೀರಿಗೆ ನಾಲ್ಕು ಬೆರಳು ಅದ್ದಿ ತಂದಿಟ್ಟ. ಪ್ರಮಿಳಾ ಒಂದನ್ನು ಎತ್ತಿ ಗಟಗಟ ಕುಡಿದಳು.

ಶೈಲಾ ಅತ್ತಳು. "ರಸ ಖಾರ ಇದೆ" ಅಂದಳು.

"ನೀನಿನ್ನೂ ಬಾಯಿಗೇ ಇಟ್ಟಿಲ್ಲವಲ್ಲೇ" ಅಂದಳು ಅಕ್ಕ.

ಮುಂದಿನ ತಿಂಗಳು ಊರಿಗೆ ಊರೇ ಬಾಗಿಲು ಹಾಕಿಕೊಂಡಿತು. ದಾಮಲೆ ಬಾಲ್ಕನಿಯಲ್ಲಿ ನಿಂತು ತಟ್ಟೆ ಬಡಿದರು, ತಟ್ಟೆ ನೆಗ್ಗುವವರೆಗೆ ಬಡಿದರು. ಮರುದಿನ ಮೂರನೇ ಮಹಡಿ ಹತ್ತಿ, ಆರಡಿ ದೂರ ನಿಂತು ಕೈ ಮುಗಿದರು.

"ಖಾಂಬೇಟೆಬಾಯಿ, ನಾವೆಲ್ಲ ನಿಮ್ಮನ್ನ ನೋಡಿ ನಕ್ಕವರು. ಈಗ ನೋಡಿ, ಇಡೀ ಜಗತ್ತು ನಿಮ್ಮ ದಾರಿಗೆ ಬಂತು. ಸೊಸೈಟಿಯ ಸ್ವಚ್ಛತೆ ನೀವೇ ನೋಡಿಕೊಳ್ಳಬೇಕು."

ಅವಳ ಐವತ್ತೆಂಟು ವರ್ಷದ ಬಾಳಿನಲ್ಲಿ ಆ ಕಟ್ಟಡದ ಯಾರೂ ಅವಳ ಬಾಗಿಲಿಗೆ ಬಂದು ಏನನ್ನೂ ಬೇಡಿದವರಲ್ಲ. ಅವಳಿಗೆ ಎದೆ ತುಂಬಿ ಬಂತು, ಬಾರದೆ ಇದ್ದೀತೇ? ಸಂಜೆಯ ಹೊತ್ತಿಗೆ ಹಲಗೆಯ ಮೇಲೆ ನೀಲಿ ಶಾಯಿಯಲ್ಲಿ ನಿಯಮಗಳು ಬಿದ್ದವು. ನಾಲ್ಕನೆಯದು: "ಹೊರಗಿನಿಂದ ಬಂದ ಯಾವ ವಸ್ತುವನ್ನೂ, ಕಾಗದವಾದರೂ ಸರಿ, ತೊಳೆಯದೆ ಮುಟ್ಟಬಾರದು." ಕೆಳಗೆ ದಪ್ಪಕ್ಷರದಲ್ಲಿ: "ಖಾಂಬೇಟೆ ಕಾಕುವನ್ನು ನೋಡಿ ಕಲಿಯಿರಿ." ಕಾಗದವನ್ನು ತೊಳೆಯುವುದು ಹೇಗೆಂದು ಆ ಜಾಣರ ಪೈಕಿ ಒಬ್ಬರೂ ಕೇಳಲಿಲ್ಲ.

ಕಲಿತರು ನೋಡಿ. ಕೊತ್ತಂಬರಿಗೆ ಸೋಪು, ಹಾಲಿನ ಪ್ಯಾಕೆಟ್ಟಿಗೆ ಸೋಪು. ದಿನಕ್ಕೆ ನಾಲ್ಕು ಸಲ ಫೋನು: "ಕಾಕೂ, ದ್ರಾಕ್ಷಿ ಎಷ್ಟು ಹೊತ್ತು ನೆನೆ ಹಾಕಬೇಕು?" ಮನೆಗೆಲಸದವಳನ್ನು ಗೇಟಿನಿಂದಲೇ ಓಡಿಸಿದರು, ಅದಕ್ಕೂ ಕಾಕುವಿನ ಹೆಸರು ಹೇಳಿದರು. ಪ್ರಮಿಳಾ ದಿನಕ್ಕೆರಡು ಸಲ ಮೆಟ್ಟಿಲ ಕಂಬಿ ಒರೆಸಿದಳು. ಮುಟ್ಟಿ ತೊಳೆಯದೆ ಇರಲು ವೈದ್ಯೆ ಎರಡು ವರ್ಷ ಕಲಿಸಿದ್ದರಲ್ಲ, ಅದೇ ಕಂಬಿ.

ವೈದ್ಯೆ ಫೋನಿನಲ್ಲಿ ಎಚ್ಚರಿಸಿದರು. "ಪ್ರಮಿಳಾಬಾಯಿ, ಸರ್ಕಾರ ಇಪ್ಪತ್ತು ಸೆಕೆಂಡು ಅಂದಿದೆ. ಇಪ್ಪತ್ತೊಂದು ಬೇಡ. ಊರವರಿಗೆ ತೊಳೆಯೋದು ಹೇಳಿಕೊಡೋ ಉಸಾಬರಿಯಂತೂ ಬೇಡವೇ ಬೇಡ."

"ನಿಮ್ಮ ಮಾತು ಕೇಳಿಸ್ತಾ ಇಲ್ಲ ಡಾಕ್ಟರ್" ಅಂದು ಪ್ರಮಿಳಾ ಫೋನಿಟ್ಟಳು. ಆಮೇಲೆ ಫೋನನ್ನು ಒರೆಸಿದಳು. ಮಾತ್ರೆಯ ಪಟ್ಟಿ ಹೊರಗಿನ ಅಂಗಡಿಯದು ಎಂದು ಅದನ್ನೂ ತರಿಸುವುದು ಬಿಟ್ಟಳು.

ಎರಡು ವರ್ಷದಲ್ಲಿ ಭಯ ಹಳತಾಯಿತು. ಮಾಸ್ಕು ಗಲ್ಲಕ್ಕಿಳಿಯಿತು, ಆಮೇಲೆ ಸ್ಕೂಟರಿನ ಕನ್ನಡಿಗೆ ನೇತುಬಿತ್ತು. ದಾಮಲೆ ಕುಟುಂಬಸಮೇತ ಮಹಾಬಳೇಶ್ವರಕ್ಕೆ ಹೋಗಿ, ಯಾರೋ ಕಚ್ಚಿ ಕೊಟ್ಟ ಮೆಕ್ಕೆಜೋಳವನ್ನು ತಾವೂ ಕಚ್ಚಿ ಬಂದರು. ನಿಯಮಗಳ ಹಾಳೆಯ ಮೇಲೆ ಗಣಪತಿ ಹಬ್ಬದ ವಂತಿಗೆಯ ಹಾಳೆ ಅಂಟಿತು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ? ಅಂಬಿಗಿತ್ತಿ ಇನ್ನೂ ನಡುನೀರಿನಲ್ಲೇ ಇದ್ದಾಳೆ ಎಂಬುದು ಯಾರ ಗಮನಕ್ಕೂ ಬರಲಿಲ್ಲ.

ಪ್ರಮಿಳಾ ಹೊರಗೆ ಬರುತ್ತಿರಲಿಲ್ಲ. ಮೊಣಕೈವರೆಗೆ ಚರ್ಮ ಬಿರಿದಿತ್ತು. ಒಂದು ಗುರುವಾರ ಶೈಲಾ ಮಿಸಳ್ ಕಟ್ಟಿಸಿಕೊಂಡು ಬಂದಳು. ಅಕ್ಕ ಅವಳನ್ನು ಹೊಸಿಲಾಚೆಯೇ ನಿಲ್ಲಿಸಿ, ಪೊಟ್ಟಣವನ್ನು ಇಕ್ಕಳದಲ್ಲಿ ಎತ್ತಿ ನಲ್ಲಿಯ ಕೆಳಗೆ ಹಿಡಿದಳು. ಸೇವು ಕರಗಿ ಬಚ್ಚಲಿಗೆ ಹೋಯಿತು.

"ನಾನೂ ಕೊಳೆಯೇನೇ ಅಕ್ಕ?"

"ನೀನಲ್ಲ ಶೈಲಾ. ನೀನು ಬಂದ ರಿಕ್ಷಾ."

ಇಳಿಯುವಾಗ ಮೆಟ್ಟಿಲಲ್ಲಿ ದಾಮಲೆ ಸಿಕ್ಕರು. ಶೈಲಾ ಬಿಡಲಿಲ್ಲ. "ಎರಡು ವರ್ಷ ಬೆವರು ಸುರಿಸಿ ಅವಳನ್ನ ಹೊರಗೆ ತಂದಿದ್ದೆ. ಒಂದು ಹಾಳೆ ಬರೆದು ಮತ್ತೆ ಒಳಗೆ ತಳ್ಳಿದ್ರಲ್ಲ."

"ನಾವೇನು ಮಾಡಿದ್ವಿ ಬಾಯಿ? ಹೊಗಳಿದ್ದೂ ತಪ್ಪಾ?" ಅಂದರು ದಾಮಲೆ. ಅವರಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ಅರ್ಥವಾಗದಿರುವುದು ಅವರ ಹಳೆಯ ಆರೋಗ್ಯ.

ಬೇಸಿಗೆಯಲ್ಲಿ ಟ್ಯಾಂಕು ಬೆಳಗ್ಗೆ ಒಂಬತ್ತಕ್ಕೇ ಬರಿದಾಗತೊಡಗಿತು. ಮೂರನೇ ಮಹಡಿಯ ಕೊಳಾಯಿ ಸದ್ದು ಎಲ್ಲರಿಗೂ ಕೇಳುತ್ತಿತ್ತು. ಮಡಿ ಕಾಕು ಎಂಬ ಹೆಸರು ಮತ್ತೆ ಎದ್ದು ಬಂತು. ದಾಮಲೆ ಶಾಯಿ ತುಂಬಿಸಿಕೊಂಡು ಬರೆದರು: "ಕಟ್ಟಡದ ಅರ್ಧ ನೀರು ಒಂದೇ ಬಚ್ಚಲಿಗೆ ಹೋಗುತ್ತಿದೆ. ಹುಚ್ಚಿಗೆ ಮದ್ದು ಆಸ್ಪತ್ರೆಯಲ್ಲಿದೆ, ನಮ್ಮ ಟ್ಯಾಂಕಿನಲ್ಲಿಲ್ಲ." ಎರಡನೆಯ ವಾಕ್ಯ ಅವರಿಗೆ ಬಹಳ ಹಿಡಿಸಿತು. ನೀರಿಲ್ಲದೆ ಕೆಳಗೆ ಕೊಡ ಹಿಡಿದು ನಿಂತವರಿಗೆಲ್ಲ ಓದಿ ಹೇಳಿ, ನಗಿಸಿ, ಮೇಲೆ ಹೋಗಿ ಚೀಟಿಯನ್ನು ಅವಳ ಬಾಗಿಲ ಸಂದಿಯಿಂದ ತಳ್ಳಿ ಬಂದರು.

ಪ್ರಮಿಳಾ ಮಡಿಸಿದ ಕಾಗದದ ಹಿಂಬದಿಯಿಂದಲೇ ಆ ಅಕ್ಷರದ ಮೀಸೆಗಳನ್ನು ಗುರುತಿಸಿದಳು. ಸೊಸೈಟಿ ಅವಳಿಗೆ ಏನಾದರೂ ಬರೆದು ಎರಡು ವರ್ಷವಾಗಿತ್ತು. ಸಂತೋಷವಾಯಿತು. ಇಕ್ಕಳದಲ್ಲಿ ಎತ್ತಿ, ಸೋಪಿನ ನೀರಿನಲ್ಲಿ ಎರಡು ಸಲ ಅದ್ದಿ, ಮೆಲ್ಲಗೆ ಬಿಡಿಸಿದಳು. ಇಪ್ಪತ್ತೆರಡು ವರ್ಷ ಯಾರ ಅಕ್ಷರಕ್ಕೂ ಸೋಲದವಳ ಕಣ್ಣಿಗೆ ತೆಳುನೀಲಿ ಕಲೆ ಬಿಟ್ಟು ಬೇರೇನೂ ಕಾಣಲಿಲ್ಲ.

ತಿಂಗಳುಗಳ ಮೇಲೆ ಬಾಗಿಲು ತೆರೆಯಿತು. ಅವಳು ಮೆಟ್ಟಿಲ ಬಾಯಿಗೆ ಬಂದು, ಒದ್ದೆ ಹಾಳೆಯನ್ನು ಇಕ್ಕಳದಲ್ಲೇ ಹಿಡಿದು ಕೆಳಗೆ ನೋಡಿದಳು. ಕೊಡ ಹಿಡಿದವರೂ ದಾಮಲೆಯೂ ತಲೆಯೆತ್ತಿದರು.

"ದಾಮಲೆ ಸಾಹೇಬರೇ, ನಿಮ್ಮ ನಾಲ್ಕನೇ ನಿಯಮದ ಪ್ರಕಾರ ತೊಳೆದೆ. ಶಾಯಿ ಹೋಗಿಬಿಡ್ತು. ಏನು ಬರೆದಿದ್ರಿ, ಸ್ವಲ್ಪ ಓದಿ ಹೇಳಿ. ಮತ್ತೆ ನನ್ನಿಂದ ಏನಾದ್ರೂ ಕೆಲಸ ಆಗಬೇಕಾ?"

ದಾಮಲೆಗೆ ಆ ವಾಕ್ಯ ಬಾಯಿಪಾಠವಿತ್ತು. ಈಗಷ್ಟೇ ಐದು ಸಲ ಹೇಳಿದ್ದರು.

"ಏನಿಲ್ಲ ಖಾಂಬೇಟೆಬಾಯಿ" ಅಂದರು. "ಎಲ್ಲ ಕ್ಷೇಮವಾ ಅಂತ ಕೇಳಿದ್ದೆ, ಅಷ್ಟೇ."

"ಕ್ಷೇಮ" ಅಂದಳು ಅವಳು. "ನಿಮ್ಮ ಥರ ಕೇಳೋರು ಇರೋವಾಗ ನನಗೇನು?"

ಬಾಗಿಲು ಮುಚ್ಚಿತು. ಚಿಲಕ ಮುಟ್ಟಿದ್ದಳಲ್ಲ, ಬೆಳಗ್ಗೆಯೇ ತುಂಬಿಸಿಟ್ಟ ಡ್ರಮ್ಮಿನ ನಲ್ಲಿ ತಿರುಗಿತು. ಕೆಳಗೆ ಖಾಲಿ ಕೊಡ ಹಿಡಿದವರು ನೀರು ಸುರಿಯುವ ಸದ್ದು ಕೇಳುತ್ತಾ ನಿಂತರು.