ಪುಣೆಯಲ್ಲಿ ಗಂಗಕ್ಕನ ಮದುವೆ

ಧಾರವಾಡದಿಂದ ಪುಣೆಯ ಗಾಡಿ ಹತ್ತಿದಾಗ ನನ್ನ ಚೀಲದಲ್ಲಿ ಎರಡು ದಿನದ ಬುತ್ತಿ ಇತ್ತು. ಅಕ್ಕನ ಮನೆಯ ನೀರನ್ನೂ ಮುಟ್ಟಬಾರದೆಂದು ಅವ್ವ ಕಟ್ಟಿಕೊಟ್ಟದ್ದು. "ಹೋಗಿ ಬಿಡಿಸಿ ಬಾ. ನಲವತ್ತಾರು ವರ್ಷದ ಮುದುಕಿಗೆ ಮದುವಿ ಏನು?" ಎಂದಿದ್ದಳು.

ಗಂಗಕ್ಕ ಹದಿನಾರಕ್ಕೆ ವಿಧವೆಯಾದಳು. ಆಗ ನನಗೆ ಹತ್ತು. ತಲೆ ಬೋಳಿಸಿ ಆಕೆಯನ್ನು ಮನೆಯ ಮುದುಕಿಯರ ಸಾಲಿನಲ್ಲಿ ಕೂರಿಸಿದರು. ಇಪ್ಪತ್ತೈದಕ್ಕೆ ಹಟ ಹಿಡಿದು ಪುಣೆಗೆ ಹೋಗಿ ಕಲಿತು, ಹುಡುಗಿಯರ ಶಾಲೆಯಲ್ಲಿ ಮಾಸ್ತರಿಕೆ ಹಿಡಿದಳು. ಈಗ ದೌಂಡದ ರೈಲ್ವೆಯಲ್ಲಿರುವ ಬಾಗಲಕೋಟೆಯ ವಿಧುರರೊಬ್ಬರನ್ನು ಮದುವೆಯಾಗುತ್ತೇನೆಂದು ಕಾಗದ ಬರೆದಿದ್ದಳು.

ಮೂರನೇ ದರ್ಜೆಯಲ್ಲಿ ಕಾಲು ಚಾಚಲು ಜಾಗವಿರಲಿಲ್ಲ. ಮಿರಜಿನಲ್ಲಿ ಚಹಾ ಕುಡಿದೆ. ನೀರಾ ನದಿ ದಾಟುವಾಗ ಬೆಳಗಾಯಿತು. ಕಿಟಕಿಯಿಂದ ಬಂದ ಚಳಿಗೆ ಹಲ್ಲು ಕಟಕಟಿಸಿದವು. ಪುಣೆಯ ನಿಲ್ದಾಣದಿಂದ ಸದಾಶಿವ ಪೇಠೆಗೆ ಟಾಂಗಾದವನು ನಾಲ್ಕಾಣೆ ಕೇಳಿದ.

ಬಾಗಿಲು ತೆರೆದ ಅಕ್ಕನನ್ನು ಕಂಡು ನಿಂತೇಬಿಟ್ಟೆ. ಬೆನ್ನಿನವರೆಗೆ ಕೂದಲು, ಅದರಲ್ಲಿ ಅಲ್ಲಲ್ಲಿ ಬಿಳಿ ಎಳೆ.

"ಬಾರೋ ತಮ್ಮಾ. ಎಷ್ಟ ಸೊರಗಿಯೋ!"

"ಆಕಿ ಹೋಗಿ ಎರಡು ವರ್ಷಾತು, ಅಕ್ಕಾ. ನಲವತ್ತಕ್ಕನ ಎಪ್ಪತ್ತಾದಂಗ ಅನಸ್ತದ. ನಂದೆಲ್ಲಾ ಮುಗೀತು," ಎಂದೆ. ಅವಳನ್ನು ತಡೆಯಲು ಬಂದವನು ನನ್ನ ಹೆಂಡತಿಯ ಮಾತು ತೆಗೆದು ಕೂತಿದ್ದೆ.

ಅಕ್ಕ ನನ್ನ ಚೀಲ ಎತ್ತಿ ಮೂಲೆಗಿಟ್ಟಳು.

"ನನಗ ಹದಿನಾರಕ್ಕನ ಎಪ್ಪತ್ತಾಗಿತ್ತು. ಮೊನ್ನೆ ಕನ್ನಡಿ ಮುಂದ ನಿಂತಾಗ ಬಿಳಿ ಕೂದಲ ನೋಡಿ ಭಾಳ ಅಂಜಿಕಿ ಆತು ನೋಡು."

"ಅಂಜಿಕಿ ಯಾಕ?"

"ಮೂವತ್ತು ವರ್ಷ ವಯಸ್ಸಿನ ಲೆಕ್ಕಾನ ಇಟ್ಟಿದ್ದಿಲ್ಲ. ಹೋದರ ಹೋಗಲಿ ಅನ್ನೋ ದಿನಾ ಅವು. ಈಗ ಒಂದೊಂದ ದಿನಾನೂ ಬೇಕಾಗ್ಯಾವ. ಅದಕ್ಕ ಅಂಜಿಕಿ."

ಅವ್ವ ಕಲಿಸಿ ಕಳಿಸಿದ ಮಾತು ಬಿಟ್ಟು, ಮದುವೆ ಎಷ್ಟು ಗಂಟೆಗೆಂದು ಕೇಳಿದೆ.

ಹನ್ನೊಂದು ಗಂಟೆಗೆ ಅದೇ ಕೋಣೆಯಲ್ಲಿ ಮದುವೆ. ಇದ್ದವರು ಎಂಟೇ ಜನ. ವರ ಐವತ್ತು ದಾಟಿದವರು. ನನ್ನನ್ನು ಕಂಡು ಎದ್ದು, "ಬರ್ರಿ, ನೀವು ಬಂದದ್ದು ಭಾಳ ಛಲೋ ಆತ್ರಿ," ಎಂದರು. ಹೋಮದ ನಡುವೆ ಪುರೋಹಿತರು ತಲೆಯೆತ್ತಿ, "ವಧೂಚಾ ಭಾಊ ಆಹೇ ಕಾ?" ಎಂದು ಮರಾಠಿಯಲ್ಲಿ ವಧುವಿನ ಸಹೋದರನಿಗಾಗಿ ಕೇಳಿದರು. ವಧುವಿನ ಬೊಗಸೆಗೆ ಅರಳು ಹಾಕಲು ಅಣ್ಣನೋ ತಮ್ಮನೋ ಬೇಕು. ಅಕ್ಕ ನನ್ನ ಕಡೆ ನೋಡಲಿಲ್ಲ, ತಲೆ ತಗ್ಗಿಸಿದಳು.

ನಾನು ಎದ್ದೆ. ಅರಳು ಹಾಕುವಾಗ ಆ ಬೊಗಸೆ ನೋಡಿದೆ: ನರ ಎದ್ದ, ಸೀಮೆಸುಣ್ಣದಿಂದ ಒರಟಾದ ಕೈಗಳು, ಅವುಗಳ ಮೇಲೆ ಹಸಿರು ಬಳೆ. ಅಷ್ಟು ಚಂದದ ಕೈ ನಾನು ಕಂಡಿರಲಿಲ್ಲ. ಆಮೇಲೆ ಎಲ್ಲರ ಪಂಕ್ತಿಯಲ್ಲಿ ಕೂತು ಪೂರಿ, ಶ್ರೀಖಂಡ ಉಂಡೆ.

"ಅವ್ವಗ ಏನ ಹೇಳ್ತಿ?" ಎಂದಳು ಅಕ್ಕ.

"ಅರಳ ಹಾಕಿದವ ನಾನ ಅಂತ ಹೇಳ್ತೀನಿ."

ಮರುದಿನ ಮಧ್ಯಾಹ್ನ ಮೂವರೂ ಕೂಡಿಯೇ ನಿಲ್ದಾಣಕ್ಕೆ ಬಂದೆವು. ನನ್ನನ್ನು ಗಾಡಿ ಹತ್ತಿಸುವಷ್ಟರಲ್ಲಿ ಅವರಿಬ್ಬರು ಹೋಗಬೇಕಾದ ದೌಂಡದ ಗಾಡಿ ಸಿಳ್ಳು ಹಾಕಿತು. ಭಾವನವರು ಟ್ರಂಕು ಎತ್ತಿಕೊಂಡರು. ಅಕ್ಕ ಸೀರೆಯ ನೆರಿಗೆ ಮೇಲಕ್ಕೆ ಸಿಕ್ಕಿಸಿ, "ಲಗೂ ಬರ್ರಿ!" ಎಂದು ಹಿಂದಕ್ಕೆ ಕೂಗುತ್ತ ಜನರ ನಡುವೆ ಓಡಿದಳು. ಎಡವಿದಳು, ನಕ್ಕಳು, ಮತ್ತೆ ಓಡಿದಳು. ನನಗೆ ನೆನಪಿರುವಂತೆ ಅಕ್ಕ ಓಡಿದ್ದನ್ನು ನಾನು ನೋಡಿದ್ದು ಅದೇ ಮೊದಲು.