ವಿಭೂತಿ ಬಳಿದ ನಟ್ಟು

ನಾನು ಈಗ ಹೇಳುವುದನ್ನು ನೀವು ನಂಬುವುದಿಲ್ಲ. ನಮ್ಮ ಕ್ಲಾಸಿನ ನಲವತ್ತೆರಡು ಜನರಲ್ಲಿ ನಲವತ್ತೊಂದು ಜನ ನಂಬಲಿಲ್ಲ. ನಲವತ್ತೆರಡನೆಯವಳು ನಾನೇ. ಆದರೂ ವೃತ್ತಿಜೀವನದ ಅನುಭವವನ್ನು ಬರೆದಿಡುವುದು ಹಿರಿಯರ ಕರ್ತವ್ಯ ಎಂದು ತಿಳಿದು ಬರೆಯುತ್ತಿದ್ದೇನೆ. ನನಗೆ ಈಗ ಹದಿನೇಳು.

ಹೋದ ವರ್ಷ, ಸಂಕ್ರಾಂತಿ ಮುಗಿದ ಮೇಲೆ, ಗಡಹಿಂಗ್ಲಜದ ನಮ್ಮ ಮನೆಯ ಅಂಗಳದಲ್ಲಿ ನಾನು ಮುಖ್ಯ ಮೆಕ್ಯಾನಿಕ್ ಹುದ್ದೆಯಲ್ಲಿದ್ದೆ. ನೇಮಕ ಮಾಡಿದವಳು ನಾನು, ನೇಮಕವಾದವಳೂ ನಾನು. ಕೈಕೆಳಗೆ ಒಬ್ಬರೇ ಸಿಬ್ಬಂದಿ: ಅಪ್ಪನ ತಾಯಿ, ನಮ್ಮ ಆಯಿ, ವಯಸ್ಸು ಎಪ್ಪತ್ತೊಂದು. ಒಟ್ಟು ಸೇವಾವಧಿ ಎರಡೂವರೆ ದಿನ.

ಕೇಸಿನ ಹಿನ್ನೆಲೆ ಹೀಗಿದೆ. ಅಪ್ಪ ಇಚಲಕರಂಜಿಯಲ್ಲಿ ಪವರ್‌ಲೂಮ್ ರಿಪೇರಿ ಮಾಡುವ ಫಿಟರ್. ಅವ್ವ ಇಲ್ಲಿ ಬಟ್ಟೆ ಹೊಲಿಯುತ್ತಾಳೆ. ಅಪ್ಪನ ಹತ್ತಿರ ಒಂದು ಬಿಳಿ ಬಣ್ಣದ ಹಳೆಯ ಕಾರಿತ್ತು. ಪ್ರತಿ ವಾರ ರಜೆಯ ಹಿಂದಿನ ಸಂಜೆ ಅದರಲ್ಲಿ ಮನೆಗೆ ಬರುತ್ತಿದ್ದ. ಅದರ ಮುಂದಿನ ಎಡ ಚಕ್ರದ ಬೇರಿಂಗ್ ಸವೆದು, ಓಡುವಾಗ ಹೂಂ ಎಂದು ಊಳಿಡುತ್ತಿತ್ತು. ಕಾರು ಹಿರಣ್ಯಕೇಶಿ ಸೇತುವೆ ದಾಟುವಾಗಲೇ ನಮಗೆ ಆ ಸದ್ದು ಕೇಳುತ್ತಿತ್ತು. ಇದು ಸುಳ್ಳಲ್ಲ. ಅರ್ಧ ಮಾತ್ರ ಸುಳ್ಳು. ಸದ್ದು ಕೇಳಿದ ಕೂಡಲೇ ಆಯಿ ಒಲೆಯ ಮೇಲೆ ಹಂಚು ಇಡುತ್ತಿದ್ದಳು, ಅವ್ವ ಹೊಲಿಗೆ ಮಷಿನ್ನಿನಿಂದ ಎದ್ದು ಮುಖ ತೊಳೆಯುತ್ತಿದ್ದಳು. ನಾನು ಪುಸ್ತಕ ತೆಗೆದು, ಬೆಳಗಿನಿಂದ ಓದುತ್ತಿದ್ದವಳಂತೆ ಕೂರುತ್ತಿದ್ದೆ.

ದಸರೆಯ ನಂತರ ಸದ್ದು ಜೋರಾಯಿತು. ನಮ್ಮ ಓಣಿಯ ತುದಿಯಲ್ಲಿ ಗ್ಯಾರೇಜಿಟ್ಟಿರುವ ತಾನಾಜಿ ಮಾಮಾ ಚಕ್ರ ಅಲ್ಲಾಡಿಸಿ ನೋಡಿ, ಇದನ್ನು ರಸ್ತೆಗೆ ಇಳಿಸಬೇಡಿ ಎಂದ. ಕಾರು ಅಂಗಳದಲ್ಲಿ ನಿಂತಿತು. ಅಪ್ಪ ಎಸ್‌ಟಿ ಬಸ್ಸು ಹಿಡಿದ. ಬಸ್ಸು ಬದಲಿಸುವುದರಲ್ಲೇ ಅರ್ಧ ರಜೆ ಮುಗಿಯುತ್ತಿತ್ತು. ವಾರಕ್ಕೊಮ್ಮೆ ಬರುವವನು ಹದಿನೈದು ದಿನಕ್ಕೊಮ್ಮೆ ಬಂದ, ಆಮೇಲೆ ತಿಂಗಳಿಗೊಮ್ಮೆ. ಸಂಕ್ರಾಂತಿಗೆ ಬರಲೇ ಇಲ್ಲ. ನಾನು ಸಂಜೆ ಕಾರಿನೊಳಗೆ ಕೂತು ಓದುತ್ತಿದ್ದೆ. ಸೀಟಿಗೆ ಮಗ್ಗದ ಎಣ್ಣೆಯ ವಾಸನೆ ಇತ್ತು, ಬಾಗಿಲಿನ ಸಂದಿಯಲ್ಲಿ ಹತ್ತಿಯ ಎಳೆ ಸಿಕ್ಕಿಕೊಂಡಿತ್ತು. ಗಾಜು ಏರಿಸಿದರೆ ವಾಸನೆ ಹೊರಗೆ ಹೋಗುವುದಿಲ್ಲ. ಇದು ನನ್ನ ಸ್ವಂತ ಸಂಶೋಧನೆ.

ಒಂದು ಶುಕ್ರವಾರ ಅವ್ವ ಫೋನು ಇಟ್ಟು ಹೇಳಿದಳು: "ರವಿವಾರ ನಾಲ್ಕಕ್ಕ ಹಳೇ ಗಾಡಿ ಕೊಳ್ಳಾಂವ ಒಬ್ಬಾಂವ ಬರತಾನ. ಗಾಡಿ ಹಗ್ಗಾ ಕಟ್ಟಿ ಎಳಕೊಂಡು ಹೊಕ್ಕಾನ. ನಿಮ್ಮಪ್ಪನೂ ಹೂಂ ಅಂದಾನ."

ಕಾರು ಹೋದರೆ ಅಪ್ಪ ಇನ್ನು ಬಸ್ಸಿನವನೇ. ನಾನು ಓಡಿದೆ ತಾನಾಜಿ ಮಾಮಾನ ಹತ್ತಿರ. ಬೇರಿಂಗ್ ಬದಲಿಸಬೇಕಾದರೆ ಮೊದಲು ಆ್ಯಕ್ಸಲ್ ನಟ್ ಬಿಚ್ಚಬೇಕು ಎಂದು ಆತ ವಿವರಿಸಿದ. ಎಂಜಿನ್ನಿನ ಶಕ್ತಿಯನ್ನು ಚಕ್ರಕ್ಕೆ ಮುಟ್ಟಿಸುವ ದಂಡವೇ ಆ್ಯಕ್ಸಲ್. ಅದರ ತುದಿಯಲ್ಲಿ, ಚಕ್ರದ ನಟ್ಟನಡುವೆ, ಮೂವತ್ತು ಮಿಲಿಮೀಟರಿನ ಒಂದೇ ಒಂದು ನಟ್ಟು ಎಲ್ಲವನ್ನೂ ಹಿಡಿದುಕೊಂಡಿರುತ್ತದೆ. ನಮ್ಮ ನಟ್ಟನ್ನು ಆತ ಎರಡು ಸಲ ತಿರುವಿ ಸೋತಿದ್ದನಂತೆ. ನಟ್ಟಿನ ಮೇಲೆ ಕೂರುವ ದೊಡ್ಡ ಸಾಕೆಟ್ಟನ್ನೂ ಅದರ ಉದ್ದ ಹಿಡಿಕೆಯನ್ನೂ ನನ್ನ ಕೈಗಿಟ್ಟು, "ನಿಘಾಲಾ ತರ್ ಯೇ, ನಾಹೀ ತರ್ ಯೇಊ ನಕೋ" ಎಂದು ಮರಾಠಿಯಲ್ಲಿ ಹೇಳಿದ. ಬಿಚ್ಚಿದರೆ ಬಾ, ಇಲ್ಲವಾದರೆ ಬರಲೇ ಬೇಡ. ನನ್ನ ನೇಮಕಾತಿ ಆದೇಶ ಅದೇ.

ಶನಿವಾರ ಬೆಳಿಗ್ಗೆ ಕಾರ್ಯಾಚರಣೆ ಆರಂಭವಾಯಿತು. ಚಕ್ರದ ನಡುವಿನ ಮುಚ್ಚಳ ಕಿತ್ತೆ. ಒಳಗೆ ನಟ್ಟಿನ ಮುಖ ಕಾಣಲಿಲ್ಲ. ಬೂದುಬಣ್ಣದ ಗಟ್ಟಿ ದಿಬ್ಬವೊಂದು ಕಂಡಿತು. ಅದರ ಮೇಲೆ ಮೂರು ಅಡ್ಡ ಗೆರೆ.

ಅದು ಅಪ್ಪನ ಕೆಲಸ. ಮಗ್ಗದ ಶೆಡ್ಡಿನಲ್ಲಿ ಯಂತ್ರಗಳು ಹಗಲಿಡೀ ಗಡಗಡ ನಡುಗುವುದರಿಂದ ಒಣ ವಿಭೂತಿ ಹಚ್ಚಿದರೆ ಉದುರಿಹೋಗುತ್ತದೆ. ಹಾಗಾಗಿ ಅಲ್ಲಿ ಖಂಡೇನವಮಿಯ ಆಯುಧಪೂಜೆಗೆ ಅಪ್ಪ ವಿಭೂತಿಯನ್ನು ಮಗ್ಗದ ಎಣ್ಣೆಯಲ್ಲಿ ಕಲಸಿ ಹಚ್ಚುತ್ತಾನೆ. ಅದೇ ರೂಢಿ ಕಾರಿಗೂ ಬಂತು. ಪ್ರತಿ ವರ್ಷ ನಾಲ್ಕೂ ಚಕ್ರದ ಮುಚ್ಚಳ ತೆಗೆದು, ನಟ್ಟಿಗೆ ಮೂರು ಬೆರಳಿನಿಂದ ಎಳೆದುಬಿಡುತ್ತಿದ್ದ. ಒಂಬತ್ತು ವರ್ಷದ ವಿಭೂತಿ ಒಂದರ ಮೇಲೊಂದು ಕೂತು ಗಾರೆಯಂತಾಗಿತ್ತು. ಮೇಲಿನ ಗೆರೆಗಳಲ್ಲಿ ಉಂಗುರದ ಬೆರಳಿನ ಗುರುತು ಸ್ವಲ್ಪ ಸೊಟ್ಟ. ಆ ಬೆರಳು ಒಮ್ಮೆ ಮಗ್ಗಕ್ಕೆ ಸಿಕ್ಕಿತ್ತು.

ನಾನು ಅದನ್ನು ಒರೆಸಲಿಲ್ಲ. ನಟ್ಟಿನ ಬದಿಗಳನ್ನಷ್ಟೇ ಕೆರೆದು, ಗೆರೆಗೆ ತಾಗದಂತೆ ಸಾಕೆಟ್ ಕೂರಿಸಿದೆ. ವೃತ್ತಿಪರ ಎಚ್ಚರಿಕೆ ಎಂದು ಆಯಿಗೆ ಹೇಳಿದೆ.

ಹಿಡಿಕೆಗೆ ಕಬ್ಬಿನ ಗದ್ದೆಯ ನೀರಿನ ಕಬ್ಬಿಣದ ಪೈಪು ಸಿಕ್ಕಿಸಿದೆ. ಉದ್ದ ಹೆಚ್ಚಾದಷ್ಟೂ ಬಲ ಹೆಚ್ಚು. ಆಯಿಯನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ, ಚಕ್ರ ತಿರುಗದಿರಲಿ ಎಂದು ಬ್ರೇಕ್ ಒತ್ತಲು ಹೇಳಿದೆ. ಆಕೆ ಸೆರಗು ಸರಿಮಾಡಿಕೊಂಡು ಸ್ಟಿಯರಿಂಗ್ ಹಿಡಿದಳು. ಓಣಿಯಲ್ಲಿ ಹೋಗುವವರೆಲ್ಲ ಕೇಳುವವರೇ.

"ಎಲ್ಲಿಗಿ ಹೊಂಟೀರಿ ಆಯಿ?"

"ಕೊಲ್ಹಾಪುರಕ್ಕ! ಬರತೀರೇನ್ರಿ? ಹಿಂದ ಜಾಗಾ ಐತಿ!"

ನಾನು ಪೈಪಿನ ಮೇಲೆ ಜೋತುಬಿದ್ದೆ. ಪೈಪು ಮೆಲ್ಲಗೆ ಕೆಳಗಿಳಿಯಿತು. "ತಿರಗಿತು! ತಿರಗಿತು!" ಎಂದು ಕಿರುಚಿದೆ. ನಿಜವಾಗಿ ಇಡೀ ಕಾರೇ ಮುಂದೆ ಉರುಳಿ ಬಟ್ಟೆ ಒಗೆಯುವ ಕಲ್ಲಿಗೆ ಹೋಗಿ ಒರಗಿತ್ತು. ಆಯಿ ಅರ್ಧ ಗಂಟೆಯಿಂದ ಒತ್ತಿದ್ದು ಕ್ಲಚ್ಚು.

ಅವ್ವ ಹೊರಗೆ ಬಂದು ನೋಡಿದಳು. "ಇಬ್ಬರಿಗೂ ಬುದ್ಧಿ ಸಮಾ ಐತಿ" ಎಂದು ಒಳಗೆ ಹೋದಳು.

ಶನಿವಾರ ಸಂಜೆಯವರೆಗೆ ನಾನು ಪೈಪಿಗೆ ಜೋತುಬಿದ್ದಿದ್ದು ಅರವತ್ತೆಂಟು ಸಲ. ಆಯಿಗೆ ಬ್ರೇಕು ಯಾವುದೆಂದು ಗೊತ್ತಾದ ಮೇಲೂ ನಟ್ಟು ಕದಲಲಿಲ್ಲ. ಪೈಪು ಬಾಗಿತು. ಅಂಗೈ ಸುಲಿಯಿತು. ಪೈಪು ಬಾಗಿದ್ದು ಎಷ್ಟೆಂದರೆ, ಅದರಿಂದ ತೊಟ್ಟಿಲು ತೂಗುಹಾಕಬಹುದಿತ್ತು.

ರವಿವಾರ ಬೆಳಿಗ್ಗೆ ನಾನು ಚಕ್ರದ ಮುಂದೆ ಸುಮ್ಮನೆ ಕೂತಿದ್ದೆ. ಆಯಿ ಕಾರಿನಿಂದ ಇಳಿದು ಬಂದು ಪಕ್ಕಕ್ಕೆ ಕೂತು, ಆ ದಿಬ್ಬವನ್ನು ಉಗುರಿನಿಂದ ಕೆರೆದು ನೋಡಿದಳು.

"ಪಾರಿ, ಇದನ್ನ ಯಾಕ ತಗದಿಲ್ಲ ನೀ?"

"ಇರಲಿ ಬಿಡ ಆಯಿ."

"ಇದರ ಕೆಳಗ ಏನೈತಿ ಅಂತ ನೋಡಬ್ಯಾಡೇನು?"

"ಅಪ್ಪಾ ಹಚ್ಚಿದ್ದು ಅದು."

ಆಯಿ ಉಗುರಿಗೆ ಹತ್ತಿದ ವಿಭೂತಿಯನ್ನು ಸೆರಗಿಗೆ ಒರೆಸಿದಳು. ಆಮೇಲೆ, "ನಿನಗ ಅವನ ಬೆರಳಿನ ಗೆರಿ ಬೇಕೋ, ಅಂವ ಬೇಕೋ?" ಎಂದಳು.

ನಾನು ಪಕ್ಕದ ಮನೆಯ ಟ್ರ್ಯಾಕ್ಟರಿನವರಿಂದ ಒಂದು ಲೋಟ ಡೀಸೆಲ್ ತಂದೆ. ಹಳೆಯ ಬನಿಯನ್ನಿನ ಚೂರು ಅದ್ದಿ ಒರೆಸಿದೆ. ಮೇಲಿನ ಗೆರೆ ಹೋಯಿತು, ಅದರ ಕೆಳಗೆ ಹಿಂದಿನ ವರ್ಷದ ಗೆರೆ, ಅದರ ಕೆಳಗೆ ಇನ್ನೊಂದು. ನಾಲ್ಕನೆಯದಕ್ಕೆ ಕಣ್ಣಿಗೆ ಡೀಸೆಲ್ ಹಾರಿತು. ಡೀಸೆಲ್ಲೇ, ಬೇರೇನಲ್ಲ.

ಕೊನೆಗೆ ಕಬ್ಬಿಣ ಕಂಡಿತು, ಗುಟ್ಟೂ ಕಂಡಿತು. ಇಂಥ ನಟ್ಟಿಗೆ ಮುಂದೆ ತೆಳ್ಳನೆಯ ಅಂಚಿರುತ್ತದೆ. ನಟ್ಟು ಬಿಗಿದ ಮೇಲೆ ಆ ಅಂಚನ್ನು ಸುತ್ತಿಗೆಯಿಂದ ಬಡಿದು ಆ್ಯಕ್ಸಲ್ಲಿನ ಗೀರಿನೊಳಗೆ ಕೂರಿಸುತ್ತಾರೆ, ತಾನಾಗಿ ಬಿಚ್ಚದಿರಲಿ ಎಂದು. ಆ ಅಂಚನ್ನು ಎಬ್ಬಿಸದೆ ತಿರುವಿದರೆ ಪೈಲ್ವಾನನಿಗೂ ಬಗ್ಗುವುದಿಲ್ಲ. ಗೀರು ಮೊದಲ ವರ್ಷದ ವಿಭೂತಿಯಲ್ಲೇ ಮುಚ್ಚಿಹೋಗಿತ್ತು. ತಾನಾಜಿ ಮಾಮಾನೂ ನನ್ನಂತೆಯೇ, ಪೂಜೆಯದ್ದೆಂದು ಅದನ್ನು ಮುಟ್ಟದೆ ತಿರುವಿದ್ದ.

ಅಪ್ಪನ ಹಳೆಯ ಚೀಲದಿಂದ ಸಣ್ಣ ಉಳಿ ತಂದು, ಗೀರಿಗೆ ಇಟ್ಟು, ಹಗುರವಾಗಿ ಏಳು ಪೆಟ್ಟು ಹಾಕಿದೆ. ಅಂಚು ಎದ್ದಿತು. ಸಾಕೆಟ್, ಹಿಡಿಕೆ, ಸೊಟ್ಟ ಪೈಪು. "ಆಯಿ, ನಡುವಿಂದು!" ಎಂದೆ. "ಗೊತ್ತೈತಿ, ನಡುವಿಂದು ಬ್ರೇಕು!" ಎಂದು ಆಕೆ ಅನುಭವಿ ಡ್ರೈವರಿನಂತೆ ಗದರಿದಳು. ಜೋತುಬಿದ್ದೆ.

ಟಕ್!

ಆ ಸದ್ದು ಬಸ್‌ಸ್ಟ್ಯಾಂಡಿನವರೆಗೆ ಕೇಳಿರಬೇಕು. ನಾನು ನೆಲಕ್ಕೆ ಬಿದ್ದೆ, ಪೈಪು ನನ್ನ ಮೇಲೆ ಬಿತ್ತು, ಆಯಿ ಹಾರ್ನ್ ಹೊಡೆದಳು. ಬ್ಯಾಟರಿ ಸತ್ತಿದ್ದರಿಂದ ಅದು ಕೂಗಲಿಲ್ಲ, ಆಕೆಯೇ ಬಾಯಿಂದ ಕೂಗಿದಳು. ನಟ್ಟನ್ನು ಕೈಯಿಂದ ತಿರುವಿ ತಿರುವಿ ತೆಗೆದು ಎತ್ತಿ ಹಿಡಿದೆ.

ಈ ಕೆಲಸ ನನಗೆ ಕಲಿಸಿದ್ದು ಇಷ್ಟು: ಪೈಪು ಹುಡುಕುವ ಮೊದಲು ಬಟ್ಟೆಚೂರು ಹುಡುಕಬೇಕು. ಒರೆಸಲು ಮನಸ್ಸಿಲ್ಲದ ಜಾಗವನ್ನೇ ಮೊದಲು ಒರೆಸಬೇಕು. ಇದನ್ನು ಇನ್ನೂ ದೊಡ್ಡದಾಗಿ, ನಾಲ್ಕು ಪುಟ ಬರೆಯುವವಳಿದ್ದೆ. ಆದರೆ ಅಷ್ಟರಲ್ಲಿ ಹಿಂದಿನಿಂದ ಯಾರೋ ಕೇಳಿದರು:

"ಏನ ನಡಸೀರಿ ಆಯಿ ಮೊಮ್ಮಗಳು?"

ಗೇಟಿನಲ್ಲಿ ಅಪ್ಪ ನಿಂತಿದ್ದ, ಹೆಗಲಿಗೆ ಚೀಲ. ಕಾರಿನ ಕಾಗದಕ್ಕೆ ಸಹಿ ಹಾಕಲು ಬಂದಿದ್ದ. ಬಸ್ಸಿನಲ್ಲಿ ಬಂದಿದ್ದರಿಂದ ನಮಗೆ ಯಾರಿಗೂ ಕೇಳಿಸಿರಲಿಲ್ಲ. ಒಲೆಯ ಮೇಲೆ ಹಂಚಿರಲಿಲ್ಲ. ಅವ್ವ ಮುಖ ತೊಳೆದಿರಲಿಲ್ಲ.

ಅಪ್ಪ ಬಂದು ಚಕ್ರದ ಮುಂದೆ ಕುಕ್ಕರಗಾಲಿನಲ್ಲಿ ಕೂತ. ಬರಿದಾದ ಆ್ಯಕ್ಸಲ್ಲಿನ ತುದಿಯನ್ನು ಸೊಟ್ಟ ಬೆರಳಿನಿಂದ ಮುಟ್ಟಿದ. ನಟ್ಟನ್ನು ನನ್ನ ಕೈಯಿಂದ ತೆಗೆದುಕೊಂಡು ತಿರುಗಿಸಿ ನೋಡಿದ.

"ಇದನ್ನ ಮತ್ತ ಹಾಕಾಕ ಬರೂದಿಲ್ಲ. ಅಂಚ ಬಡದ ನಟ್ಟ ಒಂದ ಸಲಕ್ಕ ಅಷ್ಟ. ಹೊಸಾದು ಕೊಲ್ಹಾಪುರದಾಗ ತರಬೇಕು. ಇವತ್ತ ಅಂಗಡಿ ಬಂದ್."

ಬಾಗಿಲಲ್ಲಿ ನಿಂತ ಅವ್ವ, "ಅಂವ ನಾಲ್ಕಕ್ಕ ಬರತಾನಲ್ರಿ ಎಳಕೊಂಡು ಹೋಗಾಕ?" ಎಂದಳು.

"ನಟ್ಟ ಇಲ್ಲದ ಗಾಲಿ ಮ್ಯಾಲೆ ಹ್ಯಾಂಗ ಎಳೀತಾನ? ಇವತ್ತ ಬ್ಯಾಡ ಅಂತ ಫೋನ್ ಮಾಡು. ಮುಂದಿನ ರವಿವಾರ ನಾನ ನಟ್ಟ ತಗೊಂಡ ಬರತೇನಿ." ಚಕ್ರವನ್ನು ಒಮ್ಮೆ ಅಲ್ಲಾಡಿಸಿ ನೋಡಿ, "ಬೇರಿಂಗೂ ತರತೇನಿ" ಎಂದ. ಆಮೇಲೆ ನನ್ನನ್ನು ಓರೆಗಣ್ಣಿನಿಂದ ನೋಡಿದ. "ಇದು ಒಂದ ಸಲದ ನಟ್ಟ ಅಂತ ನಿನಗ ಮೊದಲ ಗೊತ್ತಿತ್ತೇನ?"

"ನಾ ಸಣ್ಣಾಕಿ ಅಪ್ಪಾ. ನನಗೇನ ಗೊತ್ತಾಗತೈತಿ?"

ಅಪ್ಪ ನಕ್ಕ. ಸೊಟ್ಟ ಪೈಪನ್ನು ನೆಲದಿಂದ ಎತ್ತಿ ಗೋಡೆಗೆ ಒರಗಿಸಿದ. "ಸಾಕಿನ್ನ. ಕೈ ತೊಳಕೊಂಡು ಪುಸ್ತಕಾ ತಗಿ. ಮುಂದಿನ ರವಿವಾರದ ತನಕಾ ಇದನ್ನ ಮುಟ್ಟಿದಿ ಅಂದ್ರ ನೋಡು."

ನನ್ನ ಸೇವೆ ಅಲ್ಲಿಗೆ ಮುಗಿಯಿತು. ನಾನು ಹೌದೌದು ಎಂದು ತಲೆಯಾಡಿಸಿ, ಮನಸ್ಸಿನಲ್ಲೇ ಎಣಿಸಿದೆ: ಅಪ್ಪ ಮತ್ತೆ ಬರಲು ಏಳೇ ದಿನ.