ಸತ್ತೂರಿನ ವಾರ್ಡಿನಲ್ಲಿ ಹರಪ್ಪ

ಅತ್ತೆಯವರ ಮೊಣಕಾಲಿನ ಆಪರೇಷನ್ ಆದದ್ದೂ ನನ್ನ ಕೊರಳಿಗೆ ಇತಿಹಾಸದ ಕ್ಲಾಸುಗಳು ಬಿದ್ದದ್ದೂ ಒಂದೇ ವಾರ. ನಾನು ಹುಬ್ಬಳ್ಳಿಯ ಒಂದು ಪಿಯು ಕಾಲೇಜಿನಲ್ಲಿ ಕನ್ನಡ ಕಲಿಸುವವಳು. ಇತಿಹಾಸದ ಮೇಡಂ ಹೆರಿಗೆ ರಜೆಗೆ ಹೋದರು. ಪದವಿಯಲ್ಲಿ ನಾನು ಆ ವಿಷಯ ಓದಿದ್ದೆನೆಂಬುದು ಪ್ರಾಚಾರ್ಯರಿಗೆ ಹೇಗೋ ನೆನಪಿತ್ತು. ಆದಿಮಾನವನಿಂದ ಹಿಡಿದು ಮಧ್ಯಯುಗದವರೆಗಿನ ಪಾಠಗಳನ್ನೆಲ್ಲ ನನಗೆ ಒಪ್ಪಿಸಿಬಿಟ್ಟರು. ಓದಿ ಎಷ್ಟೋ ವರ್ಷವಾಗಿತ್ತು, ಎಲ್ಲವನ್ನೂ ಮೊದಲಿನಿಂದ ಓದಿಕೊಳ್ಳಬೇಕಾಗಿತ್ತು.

ಸಂಜೆ ಕಾಲೇಜು ಬಿಟ್ಟೊಡನೆ ಧಾರವಾಡದ ಕಡೆ ಓಡುವ ಚಿಗರಿ ಬಸ್ಸು ಹಿಡಿದು ಸತ್ತೂರಿನ ಆಸ್ಪತ್ರೆಗೆ ಹೋಗುತ್ತಿದ್ದೆ. ಹಗಲೆಲ್ಲ ಅತ್ತೆಯವರ ಹತ್ತಿರ ನಾದಿನಿ ಇರುತ್ತಿದ್ದಳು. ನಾನು ಹೋದಮೇಲೆ ಅವಳು ಮನೆಗೆ ಹೊರಡುತ್ತಿದ್ದಳು. ನಾನು ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು ಮರುದಿನದ ಪಾಠ ತೆಗೆಯುತ್ತಿದ್ದೆ.

ಮೊದಲ ಸಂಜೆಯೇ ಅತ್ತೆ ಕೇಳಿದರು, "ಬಾಯಾಗ ಏನ ಗುಣುಗುಣು ಅನ್ನಾಕತ್ತಿ? ಜೋರಾಗಿ ಓದು. ನನಗೂ ಹೊತ್ತ ಹೋಗವಲ್ದು."

ಅತ್ತೆ ಹತ್ತಿ ವ್ಯಾಪಾರಿಯ ಮಗಳು. ನಾಲ್ಕನೆಯ ಇಯತ್ತೆಗೆ ಸಾಲೆ ಬಿಡಿಸಿದ್ದರು. ದಿನಾ ಲಿಂಗಪೂಜೆಯಾಗದೆ ಚಹಾ ಕುಡಿದವರಲ್ಲ, ಆಪರೇಷನ್ ಆದ ಮರುದಿನವೂ ಮಲಗಿದಲ್ಲೇ ಪೂಜೆ ಮುಗಿಸಿದ್ದರು. ಪಕ್ಕದ ಮಂಚದಲ್ಲಿ ಒಬ್ಬ ನಿವೃತ್ತ ಮುಖ್ಯೋಪಾಧ್ಯಾಯಿನಿ ಇದ್ದರು. ಅವರಿಗೂ ಅದೇ ಆಪರೇಷನ್. ಅವರ ತಂದೆಯ ಕಾಲದಲ್ಲಿ ಮನೆತನದವರೆಲ್ಲ ಬೌದ್ಧ ಧರ್ಮ ಸ್ವೀಕರಿಸಿದ್ದರಂತೆ. ಅವರ ತಲೆದೆಸೆಯಲ್ಲಿ ಬುದ್ಧನ ಚಿಕ್ಕದೊಂದು ಪಟವಿತ್ತು. ಅತ್ತೆ ಅದನ್ನು ನೋಡಿದ್ದರು. ಸಾಲೆಯ ಮೇಡಂಗಳನ್ನು ಕರೆಯುವಂತೆ ಅವರನ್ನು ಬಾಯಾರ ಎಂದು ಬಹುವಚನದಲ್ಲೇ ಮಾತಾಡಿಸುತ್ತಿದ್ದರು, ಆದರೆ ಅವರ ಮಗಳು ಡಬ್ಬಿ ತೆರೆದು ಝುಣಕ ಕೊಡಲು ಬಂದಾಗ ಮಾತ್ರ, "ಬ್ಯಾಡ್ರಿ, ಹೊಟ್ಟಿ ತುಂಬೇತಿ" ಎಂದರು. ಹೊಟ್ಟೆ ತುಂಬಿರಲಿಲ್ಲ. ಅದು ನನಗೆ ಗೊತ್ತಿತ್ತು. ಬಾಯಾರಿಗೂ ಗೊತ್ತಾಗಿರಬೇಕು. ಅವರು ಕಿಟಕಿಯ ಕಡೆ ಹೊರಳಿದರು.

ಆದಿಮಾನವರ ಪಾಠದಲ್ಲಿ ಹೆಣ ಹೂಳುವ ಪದ್ಧತಿಯ ಮಾತು ಬಂತು. ಬರಹ ಹುಟ್ಟುವುದಕ್ಕಿಂತ ಎಷ್ಟೋ ಮೊದಲೇ ಜನ ಸತ್ತವರ ಜೊತೆ ಗಡಿಗೆ, ಮಣಿ, ಕಲ್ಲಿನ ಆಯುಧ ಇಟ್ಟು ಹೂಳುತ್ತಿದ್ದರು, ಸತ್ತಮೇಲೂ ಏನೋ ಇದೆಯೆಂದು ಅವರು ನಂಬಿದ್ದಿರಬೇಕು ಎಂದು ಓದಿದೆ. ಅತ್ತೆ ಕಣ್ಣು ಮುಚ್ಚಿದ್ದರು. ನಿದ್ದೆ ಹತ್ತಿತೇನೋ ಎಂದುಕೊಂಡೆ.

"ನಿಮ್ಮ ಮಾವನವರಿಗೆ ಕೈಯಾಗ ಲಿಂಗ ಇಟ್ರು, ವಿಭೂತಿ ಇಟ್ರು," ಎಂದರು ಕೊನೆಗೆ. "ನನಗ ಅವರ ಚಷ್ಮಾನೂ ಇಡಬೇಕಂತ ಭಾಳ ಅನಸಿತ್ತು. ಅದಿಲ್ಲದ ಅವರಿಗೆ ಬಾಗಲಾ ಸುದ್ದಾ ಕಾಣ್ತಿರಲಿಲ್ಲ. ಮಂದಿ ನಗ್ತಾರಂತ ಕೇಳಲಿಲ್ಲ."

ಮಾವನವರು ತೀರಿಹೋಗಿ ಹತ್ತು ವರ್ಷದ ಮೇಲಾಗಿತ್ತು. ಅಷ್ಟು ವರ್ಷದಲ್ಲಿ ಮನೆಯಲ್ಲಿ ಯಾರೂ ಈ ಮಾತು ಕೇಳಿರಲಿಲ್ಲ. ಪಕ್ಕದ ಮಂಚದಿಂದ ಬಾಯಾರು ಹೇಳಿದರು: "ನಗೂದೇನೈತ್ರಿ ಅಕ್ಕಾರ ಅದರಾಗ. ಸಾವಿರಾರು ವರ್ಷದ ಹಿಂದಿನ ಮಂದಿಗೂ ನಿಮಗ ಅನಸಿದಂಗ ಅನಸೇತಿ. ಈಗ ನಿಮ್ಮ ಸೊಸಿ ಓದಿದ್ಲಲ್ಲ."

ಅತ್ತೆ ಕತ್ತು ಹೊರಳಿಸಿ ಅವರನ್ನು ನೋಡಿದರು. "ಖರೇ ಬಿಡ್ರಿ," ಎಂದರು.

ಮರುದಿನದಿಂದ ಬಾಯಾರೂ ನನ್ನ ಕ್ಲಾಸಿಗೆ ಸೇರಿದರು. ಎರಡು ನದಿಗಳ ನಡುವಿನ ಮೆಸಪೊಟೇಮಿಯ, ನೈಲ್ ನದಿಯ ಈಜಿಪ್ಟ್ ಮುಗಿದು ಸಿಂಧೂ ಕಣಿವೆಗೆ ಬಂದೆವು. ಹರಪ್ಪದವರು ಹತ್ತಿ ಬೆಳೆಯುತ್ತಿದ್ದರು, ಬಟ್ಟೆ ನೇಯುತ್ತಿದ್ದರು ಎಂದು ಕೇಳಿದ್ದೇ ಅತ್ತೆಗೆ ಹಿಗ್ಗು. "ಹಂಗಾರ ಅವರು ನಮ್ಮಪ್ಪನ ಪೈಕಿನ ಇರಬೇಕು," ಎಂದು ನರ್ಸಮ್ಮನಿಗೂ ಹೇಳಿದರು. ಆ ಹಿಗ್ಗು ಸಿಂಧೂ ಕಣಿವೆಯಲ್ಲಿ ಸಿಕ್ಕ ಮುದ್ರಿಕೆಯೊಂದರ ಚಿತ್ರವಿದ್ದ ಪುಟ ಬರುವವರೆಗೆ ಮಾತ್ರ ಇತ್ತು. ತಲೆಗೆ ಕೋಡು, ಸುತ್ತ ಪ್ರಾಣಿಗಳು, ಕಾಲು ಮಡಚಿ ಕೂತ ಆಕೃತಿ. ಇದು ಶಿವನ ಹಳೆಯ ರೂಪ ಇರಬಹುದು, ಇಲ್ಲದೆಯೂ ಇರಬಹುದು, ಆ ಜನರ ಲಿಪಿಯನ್ನು ಇನ್ನೂ ಓದಲಾಗಿಲ್ಲ ಎಂದೆ.

"ಇರಬಹುದು ಅಂದ್ರೇನು? ಐತೋ ಇಲ್ಲೋ?"

"ಗೊತ್ತಿಲ್ಲರಿ."

"ಗೊತ್ತಿಲ್ಲದ್ದನ್ನ ಹುಡುಗರಿಗೆ ಹೆಂಗ ಕಲಸ್ತಿ ನೀ?" ಅತ್ತೆ ಹೊದಿಕೆಯನ್ನು ಎದೆಯವರೆಗೆ ಎಳೆದುಕೊಂಡರು. "ಇವತ್ತ ಸಾಕು, ಪುಸ್ತಕ ಮುಚ್ಚು."

ಬಾಯಾರು ಮೆಲ್ಲಗೆ ನಡುವೆ ಬಂದರು. "ಅಕ್ಕಾರ, ಪುಸ್ತಕದಾಗ ಅಲ್ಲ ಅಂತ ಬರದಿಲ್ರಿ. ಗೊತ್ತಿಲ್ಲ ಅಂತ ಬರದಾರ. ನನ್ನ ಸಾಲ್ಯಾಗ ಗೊತ್ತಿಲ್ರಿ ಅಂತ ಖರೇ ಹೇಳಿದ ಹುಡುಗರಿಗೆ ನಾ ಎಂದೂ ಬಡದಿಲ್ಲ."

ಆ ಸಂಜೆ ಪಾಠ ಮುಂದುವರಿಯಲಿಲ್ಲ. ಬೌದ್ಧ ಧರ್ಮದ ಪಾಠವೇ ಮುಂದಿನದು, ಈ ಸಿಟ್ಟಿನಲ್ಲಿ ಅತ್ತೆ ಏನಾದರೂ ಅಂದುಬಿಟ್ಟರೆ ಬಾಯಾರ ಮನಸ್ಸು ನೋಯುತ್ತದಲ್ಲ ಎಂಬ ಚಿಂತೆಯಲ್ಲಿಯೇ ಮರುದಿನ ಬಸ್ಸು ಇಳಿದೆ. ಪಾಠವನ್ನು ಮನಸ್ಸಿನಲ್ಲೇ ಓದಿಕೊಳ್ಳೋಣ ಎಂದು ಪುಸ್ತಕ ತೆರೆದೆ. ಅತ್ತೆಯೇ "ಹೂಂ, ಓದು" ಎಂದರು.

ಅರಮನೆ ಬಿಟ್ಟು ಹೋದ ರಾಜಕುಮಾರ, ಮುಪ್ಪು, ರೋಗ, ಸಾವು, ಬೋಧಿವೃಕ್ಷ, ನಡುವಿನ ದಾರಿ. ಅತ್ತೆ ಕೊನೆಯವರೆಗೂ ಕೇಳಿದರು. ಮುಗಿದಮೇಲೆ ನನ್ನನ್ನು ಬಿಟ್ಟು ನೇರವಾಗಿ ಪಕ್ಕದ ಮಂಚಕ್ಕೇ ಪ್ರಶ್ನೆ ಹಾಕಿದರು.

"ಬಾಯಾರ, ಒಂದ ಮಾತ ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ. ನಿಮ್ಮೊಳಗ ದೇವರಿಲ್ಲಂತ. ಮತ್ತ ಆಪರೇಷನ್ ಥೇಟರಿಗೆ ಒಯ್ಯುವಾಗ ಯಾರನ್ನ ನೆನಸಿದ್ರಿ?"

ಬಾಯಾರಿಗೆ ಸಿಟ್ಟು ಬರಲಿಲ್ಲ. ಸ್ವಲ್ಪ ಯೋಚಿಸಿ, "ನಮ್ಮ ಅವ್ವನ್ನ ನೆನಸಿದೆ ನೋಡ್ರಿ," ಎಂದರು. "ಕೂಲಿ ಮಾಡಿ ನನಗ ಸಾಲಿ ಕಲಿಸಿದಾಕಿ. ಆಕಿ ಕೈ ಹಿಡಕೊಂಡಂಗ ಆತು."

ಅತ್ತೆಯ ಕಣ್ಣು ತುಂಬಿದ್ದವು. "ನಾನೂ ಮೊದಲ ಶಿವಾ ಶಿವಾ ಅಂದೆ. ಸೂಜಿ ಚುಚ್ಚಿದ ಕೂಡಲೇ ಎವ್ವಾ ಅಂದೆ."

ಇಬ್ಬರಿಗೂ ನಗು ಬಂತು. ನಕ್ಕರೆ ಮೊಣಕಾಲು ನೋಯುತ್ತದೆಂದು ತಡೆದುಕೊಳ್ಳಲು ಹೋಗಿ ಇನ್ನಷ್ಟು ನಕ್ಕರು. ಅಷ್ಟರಲ್ಲಿ ಬಾಯಾರ ಮಗಳು ಊಟ ತಂದಳು. ಅತ್ತೆ ದಿಂಬಿಗೆ ಒರಗಿ ಕೂತು, "ಇವತ್ತ ಏನ ಮಾಡೀಯವಾ?" ಎಂದು ಅವಳನ್ನು ಕೇಳಿದರು. ಮೆಂತ್ಯದ ಪಲ್ಯ, ರೊಟ್ಟಿ ಎಂದಳು. ಅತ್ತೆ ಕೈ ಚಾಚಿದರು. ಅರ್ಧ ರೊಟ್ಟಿ ಮುಗಿಸಿ, "ಉಪ್ಪು ಒಂದ ಚೂರು ಕಡಿಮಿ ಆಗೇತಿ. ಪಲ್ಯಾ ಮಾತ್ರ ಛಲೋ ಆಗೇತಿ" ಎಂದರು. ಬಾಯಾರು ಮಗಳ ಕಡೆ ತಿರುಗಿ, "ಕೇಳಿದ್ಯಾ? ನಾ ಹೇಳಿದ್ರ ನಂಬೂದಿಲ್ಲ ನೀ" ಎಂದರು. ನಾನು ಪುಸ್ತಕದಲ್ಲಿ ಮುಖ ಹುದುಗಿಸಿ ಕೂತೆ. ಮನಸ್ಸಿಗೆ ಅಷ್ಟು ಸಮಾಧಾನವಾದ ಸಂಜೆ ಈಚೆಗೆ ಬಂದಿರಲಿಲ್ಲ.

ನಡೆಯುವ ಅಭ್ಯಾಸಕ್ಕೆ ಅತ್ತೆ ಬಹಳ ಅಂಜುತ್ತಿದ್ದರು. ಫಿಸಿಯೋಥೆರಪಿಯ ಹುಡುಗಿ ವಾಕರ್ ತಂದರೆ ಏನಾದರೊಂದು ನೆವ ಹೇಳಿ ಕಳಿಸುತ್ತಿದ್ದರು. ಒಂದು ಸಂಜೆ ಬಾಯಾರು ಅವರಿಗಿಂತ ಮೊದಲು ಎದ್ದು ಕಾರಿಡಾರಿನ ತುದಿಗೆ ಹೋಗಿ ಬಂದು, ಏದುಸಿರು ಬಿಡುತ್ತ ಅತ್ತೆಯ ಮಂಚದ ಹತ್ತಿರ ನಿಂತರು. "ಏಳ್ರಿ ಅಕ್ಕಾರ. ನಿಮ್ಮ ಸೊಸಿ ಹೇಳಲಿಲ್ಲೇನು, ಆದಿಮಾನವರು ಕೂಸುಗಳನ್ನ ಬಗಲಾಗ ಇಟಗೊಂಡು ಆಫ್ರಿಕಾದಿಂದ ನಡಕೋತ ಬಂದಾರಂತ."

"ಅವರಿಗೆ ಹೊಸಾ ಮೊಣಕಾಲು ಹಾಕಿರಲಿಲ್ಲಲ್ರಿ," ಎಂದು ಗೊಣಗುತ್ತಲೇ ಅತ್ತೆ ಎದ್ದರು. ಆ ಹುಡುಗಿಯನ್ನೂ ಡಾಕ್ಟರನ್ನೂ ನನ್ನನ್ನೂ ಬೈಯುತ್ತ ಬಾಗಿಲವರೆಗೆ ನಡೆದರು. ಮರುದಿನ ಇಬ್ಬರೂ ಜೋಡಿಯಾಗಿ ನಡೆಯುತ್ತಿದ್ದರು, ಸೊಸೆಯಂದಿರ ಸುದ್ದಿ ಮಾತಾಡುತ್ತ. ನಾನು ಹಿಂದೆಯೇ ಇದ್ದೇನೆಂಬ ಪರಿವೆಯೂ ಇರಲಿಲ್ಲ.

ಕಾಲೇಜಿನಲ್ಲಿ ನನ್ನ ಪಾಠ ಹೆದರಿದಷ್ಟು ಕೆಟ್ಟದಾಗಲಿಲ್ಲ. ಮುದ್ರಿಕೆಯ ಚಿತ್ರ ತೋರಿಸಿದ ದಿನ ಮುಂದಿನ ಬೆಂಚಿನ ಹುಡುಗಿಯೊಬ್ಬಳು, "ಅದು ಶಿವನೇನ್ರಿ ಮೇಡಂ?" ಎಂದು ಕೇಳಿದಳು. ಗೊತ್ತಿಲ್ಲ ಎಂದು ಧೈರ್ಯವಾಗಿ ಹೇಳಿದೆ. ಹೇಗೆ ಗೊತ್ತಿಲ್ಲ, ಯಾಕೆ ಗೊತ್ತಿಲ್ಲ ಎಂದು ವಿವರಿಸುವುದರಲ್ಲೇ ಇಡೀ ತಾಸು ಕಳೆಯಿತು. ಗಂಟೆ ಬಾರಿಸಿದರೂ ಹುಡುಗರು ಎದ್ದಿರಲಿಲ್ಲ.

ಆಸ್ಪತ್ರೆಯಿಂದ ಬಂದು ಕೆಲವು ತಿಂಗಳಾದ ಮೇಲೆ ಬಾಯಾರು ಬೆಂಗೇರಿಯ ನಮ್ಮ ಮನೆಗೆ ಬಂದರು. ಅತ್ತೆಯೇ ಫೋನು ಮಾಡಿ ಕರೆದಿದ್ದರು. ಬೆಳಿಗ್ಗೆಯಿಂದ ನಿಂತು ಶೇಂಗಾ ಹೋಳಿಗೆ ಮಾಡಿಸಿದರು. ಬಾಯಾರು ಪಡಸಾಲೆಯಲ್ಲಿ ಮಾವನವರ ಫೋಟೋದ ಮುಂದೆ ನಿಂತು ಕೈ ಮುಗಿದರು. ಊಟವಾದಮೇಲೆ ಇಬ್ಬರೂ ಹಾಸಿಗೆಯ ಮೇಲೆ ಕಾಲು ಚಾಚಿ ಕೂತರು.

"ಪಾಠ ಎಲ್ಲಿಗೆ ಬಂತು ತಂಗಿ?" ಎಂದು ಬಾಯಾರು ಕೇಳಿದರು.

ಪುಸ್ತಕ ತಂದೆ. ಮರುಭೂಮಿಯ ಊರಿನಲ್ಲಿ ಹುಟ್ಟಿದ ಇಸ್ಲಾಂ ದೂರದೂರದ ದೇಶಗಳಿಗೆ ಹಬ್ಬಿದ್ದು, ಯುರೋಪಿನ ಸನ್ಯಾಸಿಗಳು ಮಠಗಳಲ್ಲಿ ಕೂತು ಹಳೆಯ ಗ್ರಂಥಗಳನ್ನು ನಕಲು ಮಾಡಿದ್ದು, ನಮ್ಮ ನಾಡಿನಲ್ಲಿ ಶರಣರು ಆಡುಮಾತಿನಲ್ಲೇ ವಚನ ಹೇಳಿದ್ದು, ಒಂದೊಂದಾಗಿ ಓದಿದೆ. ಶರಣರ ಮಾತು ಬಂದಾಗ ಅತ್ತೆಯ ದನಿ ಕೇಳಬಹುದೆಂದು ಕಾದೆ. ಕೇಳಲಿಲ್ಲ. ತಲೆಯೆತ್ತಿ ನೋಡಿದರೆ ಇಬ್ಬರಿಗೂ ನಿದ್ದೆ ಹತ್ತಿತ್ತು. ಬಾಯಾರ ಕೈ ಅತ್ತೆಯ ಸೆರಗಿನ ಮೇಲಿತ್ತು. ಫ್ಯಾನಿನ ವೇಗ ಸ್ವಲ್ಪ ಕಡಿಮೆ ಮಾಡಿ, ಉಳಿದ ಪುಟಗಳನ್ನು ಮನಸ್ಸಿನಲ್ಲೇ ಓದಿಕೊಳ್ಳುತ್ತ ಅಲ್ಲೇ ಕೂತೆ.